ಕಾಶವ್ವನ ಸಾಕ್ಷಿ

ಮಂದಾಕಿನಿಯ ಸಂಖ್ಯೆ ಒಂಬೈನೂರ ಅರವತ್ತೆರಡು ಕೋಟಿ ನಲವತ್ತೇಳು ಲಕ್ಷ ನಲವತ್ತೆರಡು ಸಾವಿರದ ಒಂಬೈನೂರ ಇಪ್ಪತ್ತೊಂದು. ಅಂಕಿಯಲ್ಲಿ ಬರೆದರೆ 9624742921. ಅವಳು ಹುಟ್ಟಿದ ದಿನ ನೋಂದಣಿ ಯಂತ್ರ ಕೊಟ್ಟ ಚೀಟಿಗೆ ಅವಳ ಅಪ್ಪ ಶಿವಪುತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಕೊನೆಯ ಅಂಕಿ ಒಂದು, ಹಾಗಾಗಿ ಎರಡರಿಂದ ಭಾಗವಾಗದು, ಐದರಿಂದಲೂ ಆಗದು. ಎಲ್ಲ ಅಂಕಿ ಕೂಡಿದರೆ ನಲವತ್ತಾರು, ಹಾಗಾಗಿ ಮೂರರಿಂದಲೂ ಆಗದು. ಇಷ್ಟು ತಿಳಿದುಕೊಂಡೇ ಅವನು ಆ ದಿನ ಓಣಿಗೆಲ್ಲ ಪೇಡೆ ಹಂಚಿದ್ದ. ಅವನ ಸ್ವಂತ ಸಂಖ್ಯೆ ಎಂಟರಲ್ಲಿ ಮುಗಿಯುತ್ತಿತ್ತು. ಅದನ್ನು ಎರಡಾಗಿ ಒಡೆಯಲು ಶಾಲೆಗೆ ಹೋಗದ ಮಗುವಿಗೂ ಬರುತ್ತಿತ್ತು.

ಈ ಸಂಖ್ಯೆಗಳ ಕಥೆ ಅರವತ್ತು ವರ್ಷ ಹಳೆಯದು. ಆಗಿನ ಹಿರಿಯರು ಎಲ್ಲ ದಾಖಲೆಗಳಿಂದ ಜಾತಿ, ಅಡ್ಡಹೆಸರು, ಮನೆತನಗಳನ್ನು ಅಳಿಸಿಹಾಕಿ, ಹುಟ್ಟುವ ಪ್ರತಿ ಮಗುವಿಗೂ ಕಣ್ಣುಮುಚ್ಚಿ ಎತ್ತಿದ ಹತ್ತಂಕಿಯ ಒಂದು ಸಂಖ್ಯೆ ಕೊಟ್ಟರು. ಇನ್ನು ಮೇಲು ಕೀಳು ಎಣಿಸಲು ಯಾರ ಕೈಗೂ ಏನೂ ಸಿಗದು ಎಂದು ನೆಮ್ಮದಿಯ ಉಸಿರು ಬಿಟ್ಟರು. ಆದರೆ ನಮ್ಮ ಜನ ಸುಮ್ಮನಿರುವವರೇ? ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಸಂಖ್ಯೆಯಲ್ಲೇ ಕುಲ ಹುಡುಕಿದರು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯವರು ‘ಅಖಂಡರು’ ಆದರು. ಉಳಿದವರೆಲ್ಲ ‘ಒಡಕಿನವರು’. ಹತ್ತಂಕಿಯ ಸಂಖ್ಯೆಗಳಲ್ಲಿ ಅವಿಭಾಜ್ಯ ಸಿಗುವುದು ಸುಮಾರು ಇಪ್ಪತ್ತೆರಡಕ್ಕೆ ಒಂದು. ಎಲ್ಲರಿಗೂ ಸಿಗದ್ದಕ್ಕೇ ಬೆಲೆ ಹೆಚ್ಚಲ್ಲವೇ, ಅಖಂಡರು ಕತ್ತೆತ್ತಿ ನಡೆಯತೊಡಗಿದರು.

ಇದಕ್ಕೆ ಮೊದಲ ನೆಪ ಕೊಟ್ಟದ್ದು ಕಪ್ಪತಗುಡ್ಡದ ಗಾಳಿ ವಿದ್ಯುತ್ ಕೇಂದ್ರ. ಗುಡ್ಡದ ಮೇಲೆ ಒಂಬೈನೂರು ಗಾಳಿಗೋಪುರ, ಬುಡದಲ್ಲಿ ಹೊಸಡೋಣಿ ಊರು, ಊರ ಅಂಚಿಗೆ ನಿಯಂತ್ರಣ ಕೊಠಡಿ. ಕೊಠಡಿಯಲ್ಲಿ ಒಂಬತ್ತು ಮೇಜು, ಒಂದೊಂದು ಮೇಜಿಗೆ ನೂರು ಗೋಪುರ. ಎಲ್ಲ ಮೇಜಿನ ಆಜ್ಞೆಗಳನ್ನೂ ಯಂತ್ರ ಒಂದೇ ಒಂದು ಭಾರೀ ಸಂಖ್ಯೆಯಾಗಿ ಹೆಣೆದು ಒಂದೇ ತಂತಿಯಲ್ಲಿ ಗುಡ್ಡಕ್ಕೆ ಕಳಿಸುತ್ತಿತ್ತು. ಗೋಪುರ ಆ ಭಾರೀ ಸಂಖ್ಯೆಯನ್ನು ತನ್ನ ಮೇಜಿನವರ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಆಜ್ಞೆಯೆಂದು ಓದಿಕೊಳ್ಳುತ್ತಿತ್ತು. ಯಾವ ಆಜ್ಞೆ ಯಾರದೆಂದು ಮುಂದೆ ತಕರಾರು ಬರಬಾರದಲ್ಲ, ಅದಕ್ಕೆ ಕೂತವರ ಸ್ವಂತ ಸಂಖ್ಯೆಯನ್ನೇ ಬಳಸುತ್ತಿದ್ದರು. ಮೇಜಿಗೆ ಅಖಂಡರೇ ಆಗಬೇಕು ಎಂದು ನಿಯಮವಿತ್ತು. ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ.

ಒಂಬತ್ತನೆಯ ಮೇಜು ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅಖಂಡರಲ್ಲಿ ಗಾಳಿಯ ಕೆಲಸ ಬಲ್ಲವರು ಸಿಕ್ಕಿರಲಿಲ್ಲ. ಆ ಮೇಜಿನ ನೂರು ಗೋಪುರಗಳಿಗೆ ಬ್ರೇಕು ಬಿಗಿದು ನಿಲ್ಲಿಸಿದ್ದರು. ಕೆಳಗಿನ ಊರುಗಳಲ್ಲಿ ದಿನಕ್ಕೆ ಮೂರು ತಾಸು ಕರೆಂಟಿಲ್ಲ, ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳ ಸಾಲು. ಮಂದಾಕಿನಿ ಒಂದು ವರ್ಷದಿಂದ ನಿಯಂತ್ರಣ ಕೊಠಡಿಯಲ್ಲಿ ಬೇರೆಯವರ ಮೇಜಿಗೆ ಕೂತು ಕೆಲಸ ಕಲಿಯುತ್ತಿದ್ದಳು. ಗಾಳಿ ದಿಕ್ಕು ತಿರುಗಿಸುವುದು ಅವಳಿಗೆ ಪರದೆ ನೋಡುವ ಮೊದಲೇ ಗೊತ್ತಾಗುತ್ತಿತ್ತು. ಮುಖ್ಯಸ್ಥೆ ಅನಸೂಯಾ ಮೇಡಂ ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅವರೇ ಒಮ್ಮೆ, ಈ ಹುಡುಗಿ ಕೂತರೆ ನನಗೆ ನೆಮ್ಮದಿಯ ನಿದ್ದೆ ಬರುತ್ತದೆ ಎಂದಿದ್ದರು. ಇಪ್ಪತ್ತೊಂದು ತುಂಬಿದ ಮೇಲೆ ನಡೆಯುವ ಸಾಕ್ಷಿ ಪರೀಕ್ಷೆಯೊಂದು ಮುಗಿದರೆ ಮೇಜು ಅವಳದು.

ಸಾಕ್ಷಿ ಪರೀಕ್ಷೆ ಅಂದರೆ ಹೊಸಡೋಣಿಯಲ್ಲಿ ಮದುವೆಯಷ್ಟೇ ಸಡಗರ. ಒಬ್ಬರ ಸಂಖ್ಯೆಯನ್ನು ಭಾಗಿಸಿ ನೋಡುವುದು ಆ ಜನಕ್ಕೆ ಮೈಮೇಲಿನ ಬಟ್ಟೆ ಸರಿಸಿ ನೋಡಿದಷ್ಟು ಹೇಸಿಗೆಯ ಕೆಲಸ. ತನ್ನದನ್ನು ತಾನೇ ಭಾಗಿಸಿಕೊಂಡರೆ ಅಪಶಕುನ. ಅದಕ್ಕೇ ಭಾಗಿಸದೆ ತಿಳಿಯುವ ಒಂದು ಮರ್ಯಾದಸ್ಥ ದಾರಿ ಮಾಡಿಕೊಂಡಿದ್ದರು. ಮನೆಯವರಲ್ಲಿ ಏಳು ಮಂದಿ ಬಂದು ಒಂದೊಂದು ‘ಸಾಕ್ಷಿ ಸಂಖ್ಯೆ’ ಹೇಳಬೇಕು. ಸಾಕ್ಷಿಯನ್ನು ಅದರಿಂದಲೇ ಗುಣಿಸುತ್ತ ಹೋಗಬೇಕು, ಎಷ್ಟು ಸಲವೆಂದರೆ ಹುಡುಗಿಯ ಸಂಖ್ಯೆಗೆ ಒಂದು ಕಡಿಮೆ ಇರುವಷ್ಟು ಸಲ. ಬಂದದ್ದನ್ನು ಹುಡುಗಿಯ ಸಂಖ್ಯೆಯಿಂದ ಭಾಗಿಸಿದರೆ, ಅವಳು ಅಖಂಡಳಾಗಿದ್ದ ಪಕ್ಷಕ್ಕೆ ಶೇಷ ಒಂದೇ ಉಳಿಯುತ್ತದೆ. ಯಂತ್ರಕ್ಕೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಏಳೂ ಸಾಕ್ಷಿಗೆ ಒಂದು ಬಂದರೆ ಪ್ರಮಾಣಪತ್ರ.

ಸಂಖ್ಯಾ ಕೇಂದ್ರದ ಹಜಾರದಲ್ಲಿ ಅಪ್ಪ, ಇಬ್ಬರು ಸೋದರಮಾವಂದಿರು, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ ಸಾಲಾಗಿ ನಿಂತು ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಎಂದರು. ಎಲ್ಲ ಮನೆಯವರೂ ಹೇಳುವುದು ಇವನ್ನೇ. ಆರು ಸಲವೂ ಪರದೆಯ ಮೇಲೆ ಒಂದು ಬಂತು. ಶಿವಪುತ್ರ ಪೇಡೆಯ ಡಬ್ಬಿಯ ದಾರ ಬಿಚ್ಚತೊಡಗಿದ. ಏಳನೆಯ ಸಾಕ್ಷಿ ಅವನ ತಾಯಿ ಕಾಶವ್ವ. ಮಂದಾಕಿನಿಯ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಮುದುಕಿ. ಸಂಖ್ಯೆಗಳು ಬರುವುದಕ್ಕಿಂತ ಮೊದಲೇ ಹುಟ್ಟಿದ್ದರಿಂದ ಅವಳಿಗೆ ಸಂಖ್ಯೆಯೇ ಇರಲಿಲ್ಲ. ಹದಿನೇಳು ಅಂದುಬಿಡು ಎಂದು ಮಗ ದಾರಿಯುದ್ದಕ್ಕೂ ಕಲಿಸಿ ಕರೆತಂದಿದ್ದ.

ಕಾಶವ್ವ ಸೆರಗು ಸರಿಮಾಡಿಕೊಂಡು ನಿಂತು, “ಎರಡು ಸಾವಿರದ ಮುನ್ನೂರ ನಲವತ್ತೊಂದು” ಅಂದಳು.

ಪರದೆಯ ಮೇಲೆ ಒಂದು ಬರಲಿಲ್ಲ. ಉದ್ದನೆಯ ಅಂಕಿಗಳ ಸಾಲೊಂದು ಬಂದು ನಿಂತಿತು. ಪರೀಕ್ಷಕಿ ಇನ್ನೊಮ್ಮೆ ಗುಂಡಿ ಒತ್ತಿದಳು. ಅದೇ ಸಾಲು.

ಬೇರೆ ಸಂಖ್ಯೆ ಹೇಳು ಎಂದು ಶಿವಪುತ್ರ ತಾಯಿಯ ಕೈ ಹಿಡಿದ. ನುಡಿದ ಸಾಕ್ಷಿಯನ್ನು ಹಿಂತೆಗೆದುಕೊಳ್ಳುವಂತಿಲ್ಲ, ಒಂದು ಸಾಕ್ಷಿ ತಪ್ಪಿದರೂ ಸಂಖ್ಯೆ ಒಡಕೇ ಎಂದು ಪರೀಕ್ಷಕಿ ತಲೆ ತಗ್ಗಿಸಿಕೊಂಡೇ ಹೇಳಿದಳು. ಕಾಶವ್ವನಿಗೆ ಆಗಿದ್ದೇನೆಂದು ತಿಳಿಯಲಿಲ್ಲ. ಗುಡ್ಡದ ಮೇಲೆ ಗೋಪುರ ನಿಲ್ಲಿಸುವಾಗ ಅವಳು ಆರು ವರ್ಷ ಹಗ್ಗ ಎಳೆದಿದ್ದಳು. ಈಗ ಹೇಳಿದ್ದು ಆಗಿನ ಅವಳ ಕೂಲಿ ಬಿಲ್ಲೆಯ ನಂಬರು.

“ಹದಿನೇಳು ಅನ್ನಾಕ ನಾ ಯಾಕ ಬರಬೇಕಿತ್ತು? ದಾರ್ಯಾಗ ಹೋಗೋರೂ ಅದನ್ನ ಅಂತಾರ. ನನ್ನ ಮೊಮ್ಮಗಳಿಗೆ ನನ್ನದು ಅಂತ ಇದ್ದದ್ದು ಅದೊಂದ ನಂಬರು, ಅದನ್ನ ಕೊಟ್ಟೆ” ಅಂದಳು.

ಮಂದಾಕಿನಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಿಚ್ಚಿದ ಡಬ್ಬಿಯನ್ನು ಅಪ್ಪ ಮತ್ತೆ ದಾರ ಸುತ್ತಿ ಕಟ್ಟುವುದನ್ನು ನೋಡಿದಾಗ ಮಾತ್ರ ಅವಳ ಎದೆ ನಿಜಕ್ಕೂ ಒಡೆಯಿತು.

ಮರುದಿನವೇ ಅನಸೂಯಾ ಮೇಡಂ ಅವಳನ್ನು ಮೇಜಿನಿಂದ ಎಬ್ಬಿಸಿ ಗಾಳಿಯ ವೇಗ ಬರೆದಿಡುವ ಕೆಲಸಕ್ಕೆ ಹಾಕಿದರು. ಹೇಳುವಾಗ ಅವರ ಮುಖವೂ ಸಪ್ಪಗಿತ್ತು. ಮನೆಯಲ್ಲಿ ಶಿವಪುತ್ರ ತಾಯಿಯ ಜೊತೆ ಮಾತು ಬಿಟ್ಟ. ರೊಟ್ಟಿ ಬಡಿಯುವ ಸದ್ದೊಂದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಮೂರನೆಯ ಸಂಜೆ ಮಂದಾಕಿನಿ ಗೋಡೆಯ ಮೇಲಿನ ಚೀಟಿಯನ್ನು ಕೆಳಗಿಳಿಸಿದಳು. ಒಡಕು ಎಂದು ಊರೇ ಆಡಿಕೊಳ್ಳುತ್ತಿರುವಾಗ ಇನ್ನು ಅಪಶಕುನದ ಹೆದರಿಕೆ ಏನು? ಎಲ್ಲಿ ಒಡೆದಿದೆ ಎಂದಾದರೂ ನೋಡೋಣ ಎಂದು ಅಜ್ಜಿಯ ಪಕ್ಕದಲ್ಲೇ ಕೂತು, ಅಜ್ಜಿಯ ನಂಬರಿನಿಂದಲೇ ಭಾಗಿಸಿದಳು. ಸರಿಯಾಗಿ ಹೋಯಿತು, ಚೂರೂ ಉಳಿಯಲಿಲ್ಲ. ಬಂದದ್ದು ನಲವತ್ತೊಂದು ಲಕ್ಷ ಹನ್ನೊಂದು ಸಾವಿರದ ಮುನ್ನೂರ ಎಂಬತ್ತೊಂದು. ಅದನ್ನೂ ಬಿಡದೆ ಎರಡು, ಮೂರು, ಐದು ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದಳು. ಕಾಶವ್ವ ಮುಗಿದ ಹಾಳೆಗಳನ್ನು ಜೋಡಿಸಿಡುತ್ತಿದ್ದಳು. ಲೆಕ್ಕಕ್ಕೆ ಕೂತ ನಾಲ್ಕನೆಯ ಸಂಜೆಗೆ, ನೂರ ತೊಂಬತ್ತಮೂರನೆಯ ಭಾಗಾಕಾರದಲ್ಲಿ, ಅದೂ ಒಡೆಯಿತು. 1171, 2341, 3511. ಮೂರೂ ಅವಿಭಾಜ್ಯ.

ಮೂರರಲ್ಲೂ ಒಂದೊಂದು ಕಳೆದರೆ 1170, 2340, 3510. ಒಂದರಷ್ಟು, ಎರಡರಷ್ಟು, ಮೂರರಷ್ಟು. ಅವಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿದರೆ ಈ ಮೂರರಿಂದಲೂ ನಿಶ್ಶೇಷವಾಗಿ ಹೋಗುತ್ತಿತ್ತು. ಸಾಕ್ಷಿ ಪರೀಕ್ಷೆ ಮೋಸ ಹೋದದ್ದು ಇಲ್ಲೇ ಎಂದು ಅವಳಿಗೆ ಹೊಳೆಯಿತು. ಹೀಗೆ ಹೊಂದಿಕೊಂಡ ಸಂಖ್ಯೆ ಒಳಗೆ ಮೂರು ತುಂಡಾಗಿದ್ದರೂ ಎಂಥ ಸಾಕ್ಷಿ ಕೇಳಿದರೂ ಒಂದು ಎಂದೇ ನುಡಿಯುತ್ತದೆ. ಅದರ ಸ್ವಂತ ತುಂಡನ್ನೋ ಆ ತುಂಡಿನಿಂದ ಭಾಗವಾಗುವ ಸಂಖ್ಯೆಯನ್ನೋ ಸಾಕ್ಷಿಯಾಗಿ ತಂದರೆ ಮಾತ್ರ ಸಿಕ್ಕಿಬೀಳುತ್ತದೆ. ಎರಡು, ಮೂರು, ಐದು ಎನ್ನುವವರಿಗೆ ಅದು ಎಂದೂ ಸಿಗುತ್ತಿರಲಿಲ್ಲ. ಅಷ್ಟು ದುಃಖದಲ್ಲೂ ಮಂದಾಕಿನಿಗೆ ಖುಷಿಯಾಯಿತು. ಲೆಕ್ಕ ಅಷ್ಟು ಚೆನ್ನಾಗಿತ್ತು.

ಅವಳು ಹಾಳೆಗಳನ್ನು ಸಂಖ್ಯಾ ಕೇಂದ್ರಕ್ಕೆ ಕಳಿಸಿಕೊಟ್ಟಳು. ವಾರ ಕಳೆಯುವುದರೊಳಗೆ ಕೇಂದ್ರದ ನಿರ್ದೇಶಕ ತಿಪ್ಪೇಶರು ಸ್ವತಃ ಮನೆಗೆ ಬಂದು ಚಾಪೆಯ ಮೇಲೆ ಕೂತರು. ತಮ್ಮ ಪರೀಕ್ಷೆಯನ್ನು ಒಂದು ಸಂಖ್ಯೆ ಏಮಾರಿಸಬಲ್ಲದು ಎಂದು ಊರಿಗೆ ತಿಳಿದರೆ ಕೊಟ್ಟ ಪ್ರಮಾಣಪತ್ರಗಳ ಗತಿ ಏನು ಎಂಬುದೇ ಅವರ ಚಿಂತೆ. ಅದನ್ನು ಅವರು ನುಣ್ಣಗೆ ಹೇಳಿದರು. ಇಂಥ ಸಂಖ್ಯೆ ಮೂರು ಲಕ್ಷ ಅಖಂಡರಿಗೆ ಒಂದಿದ್ದರೆ ಹೆಚ್ಚು, ಇದು ಒಡಕಲ್ಲ, ಅಖಂಡಕ್ಕಿಂತ ಮೇಲಿನದು. ‘ಪರಮಾಖಂಡ’ ಎಂಬ ಹೊಸ ವರ್ಗವನ್ನೇ ಮಾಡುತ್ತೇವೆ, ಮಂದಾಕಿನಿಯೇ ಮೊದಲನೆಯವಳು, ಒಂಬತ್ತನೆಯ ಮೇಜು ನಾಳೆಯೇ ಅವಳದು. ಹಾಳೆಗಳು ಮಾತ್ರ ಕೇಂದ್ರದಲ್ಲೇ ಇರಲಿ.

ಶಿವಪುತ್ರನ ಮುಖ ಅರಳಿದ್ದನ್ನು ಏನೆಂದು ಹೇಳುವುದು. ಅವನು ಎದ್ದು ಚಹಾ ಮಾಡಲು ತಾನೇ ಹೋದ.

ಮಂದಾಕಿನಿ ಎರಡು ದಿನ ಸಮಯ ಕೇಳಿದಳು. ಮೇಜು ಬೇಡವೆನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಆದರೆ ಅಪ್ಪ ಎಂಟರಲ್ಲಿ ಮುಗಿಯುವವನೆಂದು ಮೂವತ್ತು ವರ್ಷ ಗೋಪುರಗಳಿಗೆ ಗ್ರೀಸು ಹಚ್ಚುತ್ತ ಕಳೆದಿದ್ದ. ಹುಡುಗನಾಗಿದ್ದಾಗ ಅವನಿಗೂ ಮೇಜಿನ ಆಸೆಯಿತ್ತೆಂದು ಅಜ್ಜಿ ಹೇಳಿದ್ದಳು. ತಾನು ಇನ್ನೂ ಒಂದು ಮೆಟ್ಟಿಲು ಮೇಲೆ ಹತ್ತಿ ಕೂತರೆ ಅವನು ಇನ್ನೂ ಒಂದು ಮೆಟ್ಟಿಲು ಕೆಳಗಾಗುತ್ತಾನೆ. ಅದು ಅವನಿಗೆ ಕಾಣಿಸುತ್ತಿರಲಿಲ್ಲ, ಅವಳಿಗೆ ಕಾಣಿಸುತ್ತಿತ್ತು.

ಅವಳ ಒದ್ದಾಟ ನೋಡಲಾರದೆ ಕಾಶವ್ವ ಕೇಳಿದಳು. “ಅಲ್ಲ ಮಂದಾ, ಆ ಗೋಪುರಕ್ಕ ಬೇಕಾಗಿದ್ದರ ಏನು? ಒಡೀಲಾರದ ನಂಬರ ಯಾಕ ಬೇಕಂತ?”

ಯಾಕೆ ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ವಿವರಿಸಲು ಹೋಗಿ ಮಂದಾಕಿನಿ ತಾನೇ ತಡವರಿಸಿದಳು. ಒಂದೇ ಭಾರೀ ಸಂಖ್ಯೆಯಿಂದ ಒಂಬತ್ತು ಶೇಷಗಳನ್ನು ಬೇರೆಬೇರೆ ತೆಗೆಯಬೇಕಾದರೆ, ಯಾವ ಎರಡು ಮೇಜಿನ ಸಂಖ್ಯೆಗಳಿಗೂ ಒಂದನ್ನು ಬಿಟ್ಟು ಬೇರೆ ಸಮಾನ ಅಳತೆ, ಅಂದರೆ ಎರಡನ್ನೂ ಭಾಗಿಸುವ ಸಂಖ್ಯೆ, ಇರಬಾರದು. ಇದ್ದರೆ ಒಬ್ಬರ ಆಜ್ಞೆ ಇನ್ನೊಬ್ಬರದಕ್ಕೆ ತಾಕುತ್ತದೆ, ಗೋಪುರ ಗೊಂದಲಗೊಂಡು ನಿಲ್ಲುತ್ತದೆ. ಬೇಕಾದ್ದು ಇಷ್ಟೇ. ಅಖಂಡರನ್ನೇ ಕೂರಿಸಿದರೆ ಇದು ತಾನಾಗಿ ಆಗುತ್ತದೆ, ನಿಜ. ಆದರೆ ಅಖಂಡರಲ್ಲದಿದ್ದರೂ ಆಗುತ್ತದೆ. ಎಂಟನ್ನೂ ಒಂಬತ್ತನ್ನೂ ತೆಗೆದುಕೊಂಡರೆ ಎರಡೂ ಒಡಕೇ, ಆದರೂ ಒಂದಕ್ಕೊಂದು ತಾಕುವುದಿಲ್ಲ.

“ಹಂಗಾರ ಇದು ಹಗ್ಗದ ಮಾತು” ಅಂದಳು ಕಾಶವ್ವ. ಗೋಪುರ ನಿಲ್ಲಿಸುವಾಗ ಎರಡು ಹಗ್ಗಕ್ಕೂ ಹೊಂದುವ ಒಂದೇ ಅಳತೆ ಕೋಲು ಬೇಕಾದರೆ ಅವರು ಟೇಪು ಹುಡುಕುತ್ತಿರಲಿಲ್ಲ. ಗಿಡ್ಡ ಹಗ್ಗವನ್ನು ಉದ್ದದ್ದರ ಮೇಲೆ ಹಾಸಿ, ಮಿಕ್ಕದ್ದನ್ನು ಮಡಚಿ ಗುರುತು ಮಾಡುವುದು. ಆ ಮಿಕ್ಕದ್ದನ್ನು ಗಿಡ್ಡದರ ಮೇಲೆ ಹಾಸುವುದು. ಹೀಗೆ ಕಳೆಯುತ್ತ ಕಳೆಯುತ್ತ ಕೊನೆಗೆ ಎರಡೂ ಸಮ ಬಿದ್ದಾಗ ಉಳಿದ ತುಂಡೇ ಎರಡಕ್ಕೂ ಸಮಾನ ಅಳತೆ. ಮುದುಕಿ ಎರಡು ದಾರ ತೆಗೆದುಕೊಂಡು ಮಾಡಿಯೇ ತೋರಿಸಿದಳು.

ಮಂದಾಕಿನಿ ಅಜ್ಜಿಯ ಕೈಯನ್ನೇ ನೋಡುತ್ತ ಕೂತಳು. ದೊಡ್ಡದರಿಂದ ಚಿಕ್ಕದ್ದನ್ನು ಕಳೆಯುತ್ತ ಹೋದರೆ ಸಾಕು. ಯಾರ ಸಂಖ್ಯೆಯನ್ನೂ ಒಡೆಯಬೇಕಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೊನೆಗೆ ಒಂದು ಉಳಿದರೆ ಆ ಇಬ್ಬರು ಪಕ್ಕಪಕ್ಕ ಕೂರಬಹುದು. ಸುಮ್ಮನೆ ನೂರಾರು ಜೋಡಿ ಸಂಖ್ಯೆ ಬರೆದು ಪರೀಕ್ಷಿಸಿದಳು. ಹತ್ತರಲ್ಲಿ ಆರು ಜೋಡಿ ಹೊಂದುತ್ತಿದ್ದವು.

ತಿಪ್ಪೇಶರಿಗೆ ಅವಳು ಬೇಡವೆಂದು ಹೇಳಿಕಳಿಸಿದ ದಿನ ಶಿವಪುತ್ರ ಅವಳೊಂದಿಗೂ ಮಾತು ಬಿಟ್ಟ. ಬಿಡುವ ಮೊದಲು ಒಂದೇ ಮಾತಾಡಿದ. “ಮನಿ ಬಾಗಿಲಿಗೆ ಬಂದದ್ದನ್ನ ಒದ್ದಿ. ನನ್ನ ಹಂಗ ಗ್ರೀಸ್ ಹಚ್ಚಾಕ ಹೋಗು ಇನ್ನ.” ತಾನು ಮಾಡಿದ್ದು ಸರಿ ಎಂದು ಆ ಗಳಿಗೆಯಲ್ಲಿ ಅವಳಿಗೂ ಅನ್ನಿಸಲಿಲ್ಲ.

ಆದರೂ ಅನಸೂಯಾ ಮೇಡಂ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ಅವರು ಕೇಳಿದರು, ಎದ್ದು ಕಪಾಟು ತೆರೆದು ಕೇಂದ್ರ ಕಟ್ಟಿದ ಕಾಲದ ಕೈಪಿಡಿ ತೆಗೆದರು. ಅವರೂ ಅಖಂಡರು, ಹನ್ನೊಂದು ವರ್ಷದಿಂದ ಮುಖ್ಯಸ್ಥೆ. ಆ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ಹದಿನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೇಜಿನ ಸಂಖ್ಯೆಗಳಿಗೆ ಪರಸ್ಪರ ಸಮಾನ ಭಾಜಕ ಇರಬಾರದು, ಅನುಕೂಲವಿದ್ದರೆ ಅವಿಭಾಜ್ಯಗಳನ್ನು ಬಳಸಬಹುದು.

“‘ಅನುಕೂಲವಿದ್ದರೆ’ ಅಂತ ಅದ” ಎಂದರು ಮೇಡಂ. ಎರಡು ಸಲ ಓದಿದರು. ಆಮೇಲೆ ಅವರ ಕಿವಿ ಕೆಂಪಾಯಿತು.

ಪರೀಕ್ಷೆಗೆ ಗಾಳಿ ಸೌಮ್ಯವಾಗಿದ್ದ ಒಂದು ಮಧ್ಯಾಹ್ನ ಗೊತ್ತುಮಾಡಿದರು. ಲೆಕ್ಕ ತಪ್ಪಿದ್ದರೆ ಒಂಬೈನೂರು ಗೋಪುರವೂ ಒಟ್ಟಿಗೆ ನಿಂತು ಏಳು ತಾಲ್ಲೂಕು ಕತ್ತಲಾಗುತ್ತಿತ್ತು, ಹೊಣೆ ಮೇಡಂ ತಲೆಗೆ. ಎಂಟು ಮೇಜಿನವರೂ ತಮ್ಮ ಸಂಖ್ಯೆಯನ್ನು ಮಂದಾಕಿನಿಯ ಸಂಖ್ಯೆಯೊಂದಿಗೆ ಕಳೆದು ನೋಡಿದರು. ಮೊದಲು ಹಿಂಜರಿದ ಹಿರಿಯನೊಬ್ಬ, ಇದರಲ್ಲಿ ಭಾಗಿಸುವುದೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕನ್ನಡಕ ಏರಿಸಿದ. ಎಂಟು ಕಡೆಯೂ ಕೊನೆಗೆ ಉಳಿದದ್ದು ಒಂದು. ಗುಡ್ಡದ ಮೇಲೆ ನೂರು ಗೋಪುರಗಳ ಬ್ರೇಕು ಸಡಿಲಿಸಲು ಹೇಳಿಕಳಿಸಿದರು. ಆ ಕೆಲಸ ಗ್ರೀಸಿನವರದು, ಅಂದರೆ ಶಿವಪುತ್ರನದು.

ಮಂದಾಕಿನಿ ಒಂಬತ್ತನೆಯ ಮೇಜಿಗೆ ಕೂತು ತನ್ನ ಸಂಖ್ಯೆ ಒತ್ತಿದಳು. ಮೊದಲ ಆಜ್ಞೆ ಹೋಯಿತು. ಹಳೆಯ ಎಂಟುನೂರು ಗೋಪುರಗಳ ದೀಪಗಳು ಹಸಿರಾಗಿಯೇ ಇದ್ದವು. ಹೊಸ ಸಾಲಿನಲ್ಲಿ ಒಂದು ದೀಪ ಹಸಿರಾಯಿತು, ಆಮೇಲೆ ಐದು, ಆಮೇಲೆ ಎಣಿಸಲಾಗಲಿಲ್ಲ. ಎರಡು ವರ್ಷ ನಿಂತಿದ್ದ ರೆಕ್ಕೆಗಳು ತಿರುಗಿದ ಸದ್ದು ಕಿಟಕಿಯಿಂದ ಕೇಳಿಸಿತು. ಅನಸೂಯಾ ಮೇಡಂ ಕುರ್ಚಿ ಎಳೆದುಕೊಂಡು ಕೂತು ಒಂದು ಲೋಟ ನೀರು ಕುಡಿದರು.

ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಶಿವಪುತ್ರ ಗುಡ್ಡದಿಂದ ಇಳಿದು ಬಂದ. ಗ್ರೀಸಿನವರು ನಿಯಂತ್ರಣ ಕೊಠಡಿಯ ಹೊಸ್ತಿಲು ದಾಟುವ ಪದ್ಧತಿ ಇರಲಿಲ್ಲ. ಅವನು ಹೊಸ್ತಿಲಲ್ಲೇ ನಿಂತ. ಬಟ್ಟೆಯೆಲ್ಲ ಕರಿ. ಮಗಳು ಎದ್ದು ಬರುವವರೆಗೂ ಕಾದು, ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ಕೊಟ್ಟ. ಅವನ ಸಂಖ್ಯೆ. ಅದನ್ನು ಅವನು ಯಾರಿಗೂ ತೋರಿಸಿದ್ದನ್ನು ಅವಳು ನೋಡಿರಲಿಲ್ಲ.

“ಇದನ್ನೂ ಹಗ್ಗದಾಗ ಹಾಕಿ ನೋಡು” ಅಂದ.

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಅವನ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ಬರೆದು ಕಳೆಯತೊಡಗಿದಳು. ಅವನು ಬಗ್ಗಿ ಪ್ರತಿ ಸಾಲನ್ನೂ ನೋಡುತ್ತಿದ್ದ. ಅಂಕಿಗಳು ಹತ್ತರಿಂದ ಎಂಟಾದವು, ಐದಾದವು, ಎರಡಾದವು. ಕೊನೆಗೆ ಒಂದು ಉಳಿಯಿತು. ಮೇಡಂ ಕೇಳದೆಯೇ ಬಂದು ಉಳಿದ ಎಂಟು ಮೇಜುಗಳ ಸಂಖ್ಯೆಗಳನ್ನೂ ಒಂದೊಂದಾಗಿ ಹೇಳಿದರು. ಎಲ್ಲದರಲ್ಲೂ ಒಂದೇ ಉಳಿಯಿತು.

ಶಿವಪುತ್ರ ಹಾಳೆಯನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ.

“ಅಂದ್ರ ಮೂವತ್ತು ವರ್ಷದ ಹಿಂದನೂ ಇದು ಹಿಂಗ ಬರತಿತ್ತೇನು?”

ಸುಳ್ಳು ಹೇಳಿದರೆ ಅವನಿಗೆ ನೋವು ಕಡಿಮೆಯಾದೀತು ಎಂದು ಅವಳಿಗೆ ಅನ್ನಿಸಿತು. ಹೇಳಲಾಗಲಿಲ್ಲ.

“ಬರತಿತ್ತು, ಅಪ್ಪಾ.”

ಅವನು ತಲೆಯಾಡಿಸಿದ. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡ. ಅನಸೂಯಾ ಮೇಡಂ ಒಳಗಿನಿಂದ ತಮ್ಮ ಕುರ್ಚಿಯನ್ನೇ ತಂದು ಒಂಬತ್ತನೆಯ ಮೇಜಿನ ಪಕ್ಕ ಹಾಕಿಸಿದರು. ನಾಳೆ ಹತ್ತನೆಯ ಮೇಜಿಗೆ ಬಡಗಿಗೆ ಹೇಳಿ ಗೋಪುರಗಳನ್ನು ಹತ್ತು ಪಾಲು ಮಾಡುತ್ತೇನೆ, ಇವತ್ತಿಗೆ ಇಲ್ಲೇ ಮಗಳ ಪಕ್ಕ ಕೂತು ಕೆಲಸ ಕಲಿಯಿರಿ ಎಂದರು. ಮಂದಾಕಿನಿ ಅಪ್ಪನ ಕೈ ಹಿಡಿದು ಹೊಸ್ತಿಲು ದಾಟಿಸಿದಳು. ಅವನು ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಎಂಟರಲ್ಲಿ ಮುಗಿಯುವ ತನ್ನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಒತ್ತಿದ.